ಅಂತರಜಾಲವಿಲ್ಲದ ಗಣಕವನ್ನು ನವೀಕರಿಸುವ ಬಗೆ

ಗಣಕಯಂತ್ರದ ಎಲ್ಲ ಕೆಲಸಗಳಿಗೂ ಮೇಲ್ವಿಚಾರಕನಂತಿರುವ ಕ್ರಮವಿಧಿಗಳ ಸಮೂಹಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ದೋಷಗಳನ್ನು ತಿದ್ದಿದ ಹೊಸ ಆವೃತ್ತಿಗಳು ಆಗಾಗ ಹೊರಡುತ್ತಿರುತ್ತವೆ. ನಾಗಮಂಗಲ ತಾಲ್ಲೂಕಿನ ಹೊಣಕೆರೆಯಂಥ ಊರಿನ ಶಾಲೆಯೊಂದರಲ್ಲಿ ಅಂತರಜಾಲದ ಸಂಪರ್ಕವಿಲ್ಲದ ಗಣಕವಿದೆಯೆಂದು ಭಾವಿಸೋಣ. ಹೊರಗಿನ ನಂಟೇ ಇಲ್ಲದ ಯಂತ್ರಕ್ಕೆ ತಿದ್ದುಪಡಿ ಏಕೆಂದು ವಾಚಕರು ಕೇಳಬಹುದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಉಪದ್ರವಕಾರಿ ಕ್ರಮವಿಧಿಯು ವಿಂಡೋಸಿನ ದೋಷವೊಂದನ್ನು ಬಳಸಿಕೊಂಡು ಪೆನ್ ಡ್ರೈವಿನ ಮೂಲಕವೇ ಒಳನುಗ್ಗುತ್ತಿತ್ತು!

1993ರಲ್ಲಿ ಆರಂಭವಾದ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಸೋರ್ಸ್, ಎಂದರೆ ಮನುಷ್ಯರು ಓದಬಲ್ಲ ಮೂಲಪಾಠವು, ಎಲ್ಲರಿಗೂ ದೊರೆಯುತ್ತದೆ. ಅದು ಒಮ್ಮೆ ಶಾಲೆಯ ಗಣಕವನ್ನು ಸೇರಿದ ಬಳಿಕ ಒಯ್ಯಬೇಕಾದುದು ಬದಲಾದ ಭಾಗವನ್ನು ಮಾತ್ರ. ಹಿಂದೆ ಸಿಟಿಎಂ ಎಂಬ ಸಾಧನವು ಈ ಬದಲಾವಣೆಗಳಿಗೆ ಕ್ರಮಸಂಖ್ಯೆ ಕೊಟ್ಟು ಈ-ಮೇಲ್ ಮೂಲಕ ಕಳುಹಿಸುತ್ತಿತ್ತು. ಈಗ ಗಿಟ್ ಎಂಬ ಸಾಧನವು ಅವನ್ನು ಒಂದೇ ಕಟ್ಟಾಗಿ ಮಾಡಿಕೊಡುತ್ತದೆ. ನಾಗಮಂಗಲದಲ್ಲಿ ಅದನ್ನು ಪೆನ್ ಡ್ರೈವಿಗೆ ತುಂಬಿಕೊಂಡು ಬಸ್ಸು ಹತ್ತಿದರಾಯಿತು.

ಆದರೆ ಅಲ್ಲಿ ಹೊರಟದ್ದೇ ಇಲ್ಲಿಗೆ ಬಂದಿತೆಂಬುದಕ್ಕೆ ಪ್ರಮಾಣವೇನು? ಶಾ-256 ಎಂಬ ಗಣಿತವಿಧಾನವು ಎಷ್ಟೇ ದೊಡ್ಡ ಕಡತಕ್ಕೂ 64 ಚಿಹ್ನೆಗಳ ಒಂದು ಮುದ್ರೆಯನ್ನು ಕೊಡುತ್ತದೆ. ಕಡತದಲ್ಲಿ ಒಂದಕ್ಷರ ಬದಲಾದರೂ ಮುದ್ರೆ ಗುರುತು ಸಿಗದಷ್ಟು ಬೇರೆಯಾಗುವುದು. ಈ ಮುದ್ರೆಯನ್ನು ಅದೇ ಡ್ರೈವಿನಲ್ಲಿ ತರಕೂಡದು. ಕಡತವನ್ನು ಕೆಡಿಸಿದವನು ಮುದ್ರೆಯನ್ನೂ ಬದಲಿಸಿಯಾನು. ಬೇರೊಂದು ಗಣಕದಲ್ಲಿ ನೋಡಿ, ಕಾಗದದ ಮೇಲೆ ಬರೆದು ತರುವುದು ಲೇಸು.

ಮೂಲಪಾಠವನ್ನು ಯಂತ್ರಭಾಷೆಗೆ ತಿರುಗಿಸುವ ಕ್ರಮವಿಧಿಯೇ ಕಂಪೈಲರ್. ಸ್ವಾರಸ್ಯವಿರುವುದು ಇಲ್ಲಿ. ಹಳೆಯ ಕಂಪೈಲರಿನಿಂದ ಹೊಸ ಕಂಪೈಲರನ್ನೂ, ಅದರಿಂದ ಉಳಿದುದೆಲ್ಲವನ್ನೂ ಕಟ್ಟಲಾಗುತ್ತದೆ. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ. ಹೆಪ್ಪೇ ಕೆಟ್ಟಿದ್ದರೆ? ಯುನಿಕ್ಸ್ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ನರು ಈ ಪ್ರಶ್ನೆಯನ್ನೇ ವಿವೇಚಿಸಿದರು. ಕಂಪೈಲರಿನಲ್ಲಿ ಅಡಗಿಸಿದ ಮೋಸವು ಮೂಲಪಾಠದಲ್ಲಿ ಎಲ್ಲಿಯೂ ಕಾಣದೆ ಮುಂದಿನ ಕಂಪೈಲರುಗಳಿಗೂ ಇಳಿಯಬಲ್ಲದೆಂದು 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ತೋರಿಸಿದರು. ಆದಕಾರಣ ಮೊತ್ತಮೊದಲು ವ್ಯವಸ್ಥೆಯನ್ನು ಸ್ಥಾಪಿಸಿದ ಡಿಸ್ಕಿನ ಮುದ್ರೆಯನ್ನೂ ಪರೀಕ್ಷಿಸಿರಬೇಕು.

ಕಟ್ಟುವ ಕೆಲಸವು ಹಳೆಯ ಯಂತ್ರದಲ್ಲಿ ಇಡೀ ದಿನ ಹಿಡಿದರೂ ಆಶ್ಚರ್ಯವಿಲ್ಲ. ನಡುವೆ ವಿದ್ಯುತ್ತು ಹೋದರೂ ನಡೆಯುತ್ತಿರುವ ವ್ಯವಸ್ಥೆಗೆ ಸಾಮಾನ್ಯವಾಗಿ ಬಾಧೆಯಿಲ್ಲ. ಹೊಸದನ್ನು ಇನ್ನೂ ಸ್ಥಾಪಿಸಿಲ್ಲವಷ್ಟೆ. ಸ್ಥಾಪನೆಯ ವೇಳೆಯಲ್ಲಿ ಮಾತ್ರ ಎಚ್ಚರ ಬೇಕು. ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಮೊದಲು ಸ್ಥಾಪಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ, ಅದು ಸರಿಯಾಗಿ ನಡೆದ ಮೇಲೆಯೇ ಉಳಿದ ಭಾಗಗಳನ್ನು ಸ್ಥಾಪಿಸತಕ್ಕದ್ದು. ಹೊಸ ಕರ್ನೆಲ್ ಹಳೆಯ ಕ್ರಮವಿಧಿಗಳ ಕೋರಿಕೆಗಳನ್ನು ಸಾಮಾನ್ಯವಾಗಿ ನಡೆಸಿಕೊಡುತ್ತದೆ. ಹಳೆಯ ಕರ್ನೆಲಿಗಾದರೋ ಹೊಸ ಕೋರಿಕೆಗಳು ಅರ್ಥವಾಗದೆ ಹೋಗಬಹುದು. ಹೊಸ ಕರ್ನೆಲ್ ಮೇಲೇಳದಿದ್ದರೆ ಗಾಬರಿಪಡಬೇಕಾಗಿಲ್ಲ. ಸ್ಥಾಪನೆಯ ಕಾಲದಲ್ಲಿ ಹಳೆಯದನ್ನು ಬೇರೆ ಹೆಸರಿನಿಂದ ಪಕ್ಕಕ್ಕಿರಿಸಲಾಗಿರುತ್ತದೆ. ಯಂತ್ರ ಚಾಲೂ ಆಗುವಾಗ ಅದನ್ನೇ ಆರಿಸಿಕೊಂಡರೆ ಶಾಲೆಯ ಗಣಕವು ನಿನ್ನೆಯಂತೆಯೇ ನಡೆಯುತ್ತದೆ.