ಮುದ್ರಿಸಿದ ಬೆಳಕು: ವರ್ಕಾಡಿಯ ಜಗಲಿಯಲ್ಲಿ ಕಲಿತ ಆರು ಪಾಠ

ಮದುವೆ ಕಾಗದ ಅಚ್ಚು ಹಾಕುವ ಸ್ಕ್ರೀನಿನಲ್ಲೇ ಬೆಳಗುವ ಅಕ್ಷರಗಳನ್ನೂ ಅಚ್ಚು ಹಾಕಬಹುದು. ಐಟಿಒ (ಇಂಡಿಯಂ ಟಿನ್ ಆಕ್ಸೈಡ್) ಲೇಪಿಸಿದ ಪಾರದರ್ಶಕ ಹಾಳೆಯ ಮೇಲೆ ಬೆಳಗುವ ಫಾಸ್ಫರ್, ಅಂದರೆ ತಾಮ್ರ ಬೆರೆತ ಸತುವಿನ ಸಲ್ಫೈಡ್, ಅದರ ಮೇಲೆ ಬೇರಿಯಂ ಟೈಟನೇಟ್, ಕೊನೆಗೆ ವಿದ್ಯುತ್ ಹರಿಸುವ ಶಾಯಿ. ಈ ಬಗೆಯ ಬೆಳಕನ್ನು 1936ರಲ್ಲಿ ಫ್ರಾನ್ಸಿನ ಜಾರ್ಜ್ ಡೆಸ್ಟ್ರಿಯೊ ವರದಿ ಮಾಡಿದ. ಅಚ್ಚಿನ ಕೆಲಸ ನನಗೆ ಬೇಗ ಕೈಹತ್ತಿತು. ಹೀಗೆ ಅಚ್ಚಾದ ಹಲಗೆಯನ್ನು ಬೆಳಗಿಸುವ ಕೆಲಸ ಸತಾಯಿಸಿತು.

1. ಇದು ಬಲ್ಬಲ್ಲ, ಕೆಪಾಸಿಟರ್. ಬ್ಯಾಟರಿಯ ಡಿಸಿ ಕೊಟ್ಟರೆ ಬೆಳಗದು. ಸುಮಾರು 100 ವೋಲ್ಟ್, 400ರಿಂದ 1000 ಹರ್ಟ್ಸ್ ಎಸಿ ಬೇಕು. ಮುಟ್ಟಿದರೆ ಹೊಡೆಯುತ್ತದೆ, ಎಚ್ಚರ.

2. ತುಂಬಿದ್ದನ್ನು ಚೆಲ್ಲಬೇಡಿ. ಹಲಗೆಯನ್ನು ರೆಸಿಸ್ಟರ್ ಮೂಲಕ ತುಂಬಿ ಖಾಲಿ ಮಾಡಿದರೆ ಪ್ರತಿ ಸುತ್ತಿನ ಶಕ್ತಿಯೂ ಶಾಖವಾಗಿ ಹೋಗುತ್ತದೆ. ಚೋಕ್ (ತಂತಿಸುರುಳಿ) ಜತೆಗಿದ್ದರೆ ಅದರ ದೊಡ್ಡ ಪಾಲು ತೊಟ್ಟಿಲಿನಂತೆ ಅತ್ತಿಂದಿತ್ತ ತೂಗುತ್ತದೆ. ಕಳೆದುಹೋದಷ್ಟನ್ನು ತುಂಬಿದರೆ ಸಾಕು.

3. ಹಲಗೆ ನೋಡಿ ಚೋಕ್ ಸುತ್ತಿ. ಪೋಸ್ಟ್‌ಕಾರ್ಡ್ ಗಾತ್ರದ ಹಲಗೆ ನನ್ನ ಮೀಟರಿನಲ್ಲಿ 100 ನ್ಯಾನೊಫ್ಯಾರಡ್ ತೋರಿಸಿತು. 1000 ಹರ್ಟ್ಸಿನಲ್ಲಿ ಹಾಗೆ ತೂಗಲು ಅದರ ಜೋಡಿ ಕಾಲು ಹೆನ್ರಿಯ ಚೋಕ್. ಅಷ್ಟು ಇಂಡಕ್ಟೆನ್ಸನ್ನು ಡಿಸಿಯನ್ನು ಎಸಿ ಮಾಡುವ ಇನ್ವರ್ಟರಿನ ಟ್ರಾನ್ಸ್‌ಫಾರ್ಮರ್ ಸುರುಳಿಯಲ್ಲೇ ತರಬಹುದು. ಬೇರೆ ಚೋಕಿನ ಖರ್ಚು ಉಳಿಯಿತು.

4. ಅಕ್ಷರ ಆರಿದರೆ ಲೆಕ್ಕ ತಪ್ಪುತ್ತದೆ. ಅರ್ಧದಷ್ಟು ಅಕ್ಷರ ಆರಿಸಿದರೆ ಕೆಪಾಸಿಟೆನ್ಸ್ ಅರ್ಧವಾಗಿ, ನನ್ನ ಇನ್ವರ್ಟರಿನಲ್ಲಿ ತೂಗಾಟದ ಫ್ರೀಕ್ವೆನ್ಸಿ ಏರಿ, ಉಳಿದವು ಉರಿದೇಳುತ್ತವೆ. ಆರಿದ ಅಕ್ಷರದ ಬದಲಿಗೆ ಅಷ್ಟೇ ಬೆಲೆಯ ಅಗ್ಗದ ಕೆಪಾಸಿಟರ್ ಸೇರಿಸಿ ಲೆಕ್ಕ ಸರಿದೂಗಿಸುತ್ತೇನೆ.

5. ಪ್ರಖರತೆಗೆ ಆಸೆಪಡಬೇಡಿ. ಫ್ರೀಕ್ವೆನ್ಸಿ ಏರಿದಂತೆ ಬೆಳಕೂ ಏರುತ್ತದೆ, ಹಸಿರು ನೀಲಿಯತ್ತ ವಾಲುತ್ತದೆ, ಆಯುಸ್ಸು ಇಳಿಯುತ್ತದೆ. ಜತೆಗೆ ಹಲಗೆ ಗುಂಯ್‌ಗುಡುತ್ತದೆ. ಯಕ್ಷಗಾನದ ರಂಗಸ್ಥಳದ ಪಕ್ಕ ಒಮ್ಮೆ ಇಟ್ಟಿದ್ದೆ. ಭಾಗವತರು ಆಲಾಪ ತೆಗೆದಾಗ ನನ್ನ ಹಲಗೆಯೂ ಶ್ರುತಿ ಹಿಡಿದಿತ್ತು.

6. ಬೆಳ್ಳಿ ಅಂಚಿಗೆ ಮಾತ್ರ, ಕಾಸು ಅಂಟಿಗೆ. ಸಣ್ಣ ಹಲಗೆಯ ಹಿಂಬದಿಗೆ ಕಾರ್ಬನ್ ಶಾಯಿ ಸಾಕು. ಬೆಳ್ಳಿ ಶಾಯಿ ಸುತ್ತಲಿನ ಪಟ್ಟಿಗಷ್ಟೇ. ಉಳಿದ ಹಣದಲ್ಲಿ ಅಂಟು ತಂದು ಅಂಚನ್ನು ಗಾಳಿಯಾಡದಂತೆ ಮುಚ್ಚಿ. ಮಳೆಗಾಲಕ್ಕೆ ಮುನ್ನ, ಆಟಗಳು ನಿಲ್ಲುವ ಪತ್ತನಾಜೆ ಕಳೆದು ಅಟ್ಟಕ್ಕೇರಿಸಿದ ನನ್ನ ಮೊದಲ ಹಲಗೆಗೆ ಮಳೆಯ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕಪ್ಪು ಚುಕ್ಕೆ ಬಂದಿತ್ತು. ತೇವ ತಾಗಿದ ಫಾಸ್ಫರ್ ಮತ್ತೆ ಚೇತರಿಸಿಕೊಳ್ಳದು.

ಹೊಸಂಗಡಿ ಪೇಟೆಯ ಬಿಸಿಲಿಗೆ ಬೋರ್ಡು ಬೇಕೆಂದವರಿಗೆ ನಾನೇ ಎಲ್ಇಡಿ ಕೊಳ್ಳಲು ಹೇಳುತ್ತೇನೆ. ಮುದ್ರಿಸಿದ ಬೆಳಕು ಇರುಳಿನ ಸರಕು.