ಆನೆಗೆ ಬಿಡಬೇಕಾದ ಜಾಗ

ಕಬಿನಿ ಹಿನ್ನೀರಿನ ದಡದ ಸಫಾರಿ ಶಿಬಿರವೊಂದಕ್ಕೆ ನ್ಯಾಚುರಲಿಸ್ಟ್ ಆಗಿ ಸೇರಿದ ಮೇಲೆ ನಾನು ಮೊದಲು ಕಲಿತದ್ದು ಜೀಪನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು. ಕಲಿಸಿದವರು ನಮ್ಮ ಚಾಲಕರು. ಅವರು ಜೇನುಕುರುಬರು, ಅಜ್ಜ ಅಜ್ಜಿ ನಾಗರಹೊಳೆ ಕಾಡಿನೊಳಗಿನ ಹಾಡಿಯಲ್ಲಿ ಬಾಳಿದವರು. ಹಕ್ಕಿಯ ಹೆಸರು, ಮರದ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಯಾವ ಪ್ರಾಣಿಗೆ ಎಷ್ಟು ಜಾಗ ಬಿಡಬೇಕು, ಯಾವಾಗ ಇನ್ನಷ್ಟು ಬಿಡಬೇಕು, ಯಾವಾಗ ನಾವೇ ಅಲ್ಲಿಂದ ಹೊರಡಬೇಕು ಎಂಬುದು ಅವರ ಪಕ್ಕದ ಸೀಟಿನಲ್ಲಿ ಕೂತು ಕೂತು ಬಂದದ್ದು. ಈ ಕೆಲಸದಲ್ಲಿ ಉಳಿದದ್ದೆಲ್ಲ ಅದರ ನಂತರ ಎಂದೇ ನನ್ನ ನಂಬಿಕೆ.

ನಮ್ಮ ದಿನ ಶುರುವಾಗುವುದು ನಸುಕಿನ ಐದಕ್ಕೆ, ಅಡುಗೆಮನೆಯಲ್ಲಿ ಹಾಲು ಕಾಯುವ ಹೊತ್ತಿಗೆ. ಟಾರ್ಚ್ ಹಿಡಿದು ಒಂದೊಂದೇ ಕಾಟೇಜಿನ ಬಾಗಿಲು ತಟ್ಟಿ ಅತಿಥಿಗಳನ್ನು ಕರೆತರುತ್ತೇವೆ. ಕತ್ತಲಲ್ಲಿ ಯಾರನ್ನೂ ಒಂಟಿಯಾಗಿ ನಡೆಯಲು ಬಿಡುವುದಿಲ್ಲ. ಆನೆ, ಚಿರತೆ ಎರಡೂ ಇದೇ ದಾರಿಯಲ್ಲಿ ಓಡಾಡುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ತೋರಿಸುವುದು ಮುಸುರೆ ಡ್ರಮ್ಮಿನ ಮುಚ್ಚಳವನ್ನು. ಅದು ತೆರೆದಿದ್ದರೆ ಕಾಡುಹಂದಿ ಬರುತ್ತದೆ, ಊರನಾಯಿ ಬರುತ್ತದೆ, ಅವುಗಳ ಬೆನ್ನಿಗೇ ಚಿರತೆ ಬರುತ್ತದೆ. ಕೋತಿಗೆ ಒಮ್ಮೆ ಬಿಸ್ಕತ್ತಿನ ರುಚಿ ಹತ್ತಿತೆಂದರೆ ಮುಂದಿನ ಅತಿಥಿಯ ಕೈಗೇ ಬಾಯಿ ಹಾಕುತ್ತದೆ. ಪ್ರಾಣಿಯನ್ನು ದೂರವಿಡುವ ಕೆಲಸ ಅಡುಗೆಮನೆಯ ಹಿಂಬಾಗಿಲಲ್ಲೇ ಶುರುವಾಗಬೇಕು.

ಕಾಡೊಳಗೆ ಕಿವಿಗೇ ಕೆಲಸ ಹೆಚ್ಚು. ಜಿಂಕೆ ಸಣ್ಣದಕ್ಕೂ ಬೆದರಿ ಕೂಗುತ್ತದೆ. ಮರದ ತುದಿಯಿಂದ ಮುಸುವ ಕೂಗಿದರೆ ಬಹುಮಟ್ಟಿಗೆ ಅದು ಬೇಟೆಗಾರ ಪ್ರಾಣಿಯನ್ನು ಕಣ್ಣಾರೆ ಕಂಡೇ ಕೂಗಿದ್ದು. ಕಡವೆ ಬಿಡದೆ ಕೂಗುತ್ತಿದ್ದರಂತೂ ಹುಲಿಯೋ ಚಿರತೆಯೋ ಹತ್ತಿರದಲ್ಲೇ ಇದೆಯೆಂದು ಎಂಜಿನ್ ಆರಿಸಿ ಕಾಯುತ್ತೇವೆ.

ಬೇಸಿಗೆಯ ಮಾತೇ ಬೇರೆ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಾಗ ಹಳ್ಳಿಗಳು ಮುಳುಗಿದವು, ಕಾಕನಕೋಟೆ ಕಾಡಿನ ಒಂದು ಭಾಗವೂ ಮುಳುಗಿತು. ಈಗ ಪ್ರತಿ ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಆ ನೆಲದಲ್ಲಿ ಎಳೆಹುಲ್ಲು ಏಳುತ್ತದೆ. ಒಳಕಾಡಿನ ಕೆರೆಕಟ್ಟೆಗಳು ಆಗ ಒಣಗಿರುತ್ತವೆ. ಸುತ್ತಲ ಕಾಡುಗಳ ಆನೆಗಳೆಲ್ಲ ಇಲ್ಲಿಗಿಳಿದು, ದಡದುದ್ದಕ್ಕೂ ನೂರಾರು ಆನೆಗಳು ಮೇಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಜಾಗಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಹಿಂದೆ ಇದೇ ಕಾಕನಕೋಟೆಯಲ್ಲಿ ತಮಟೆ ಬಡಿದು, ಬೆಂಕಿ ತೋರಿಸಿ, ಹಿಂಡುಗಳನ್ನು ಹೊಳೆಗೆ ಅಟ್ಟಿ ಆನೆ ಹಿಡಿಯುವ ಖೆಡ್ಡಾಕ್ಕೆ ಕೆಡವುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಯ ಆಯಸ್ಸು ದೊಡ್ಡದು. ಹಿಂಡಿನ ಮುದಿ ಹೆಣ್ಣಾನೆಯನ್ನು ಕಂಡಾಗ, ಇದು ಮರಿಯಾಗಿದ್ದಾಗ ಆ ತಮಟೆ ಸದ್ದು ಕೇಳಿಸಿಕೊಂಡಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಅಂಥ ಆನೆಗೆ ಹತ್ತು ಹೆಜ್ಜೆ ಹೆಚ್ಚು ಜಾಗ ಬಿಡುವುದು ನಮ್ಮ ಕರ್ತವ್ಯ.

ಒಂದು ಏಪ್ರಿಲ್ ಸಂಜೆ ಹಿಂಡೊಂದು ನೀರು ಕುಡಿದು ಕಾಡಿಗೆ ಮರಳುತ್ತಿತ್ತು. ನಾವಿದ್ದ ದಾರಿಯನ್ನು ಅದು ದಾಟಬೇಕಿತ್ತು. ಮುಂದಿದ್ದ ಹಿರಿಯ ಹೆಣ್ಣಾನೆ ದಾರಿಯಂಚಿಗೆ ಬಂದು ನಿಂತಿತು. ಬೀಸುತ್ತಿದ್ದ ಕಿವಿ ತಟ್ಟನೆ ನಿಂತವು. ಸೊಂಡಿಲ ತುದಿ ನಮ್ಮತ್ತ ತಿರುಗಿ ವಾಸನೆ ಹಿಡಿಯಿತು. ಒಂದು ಮುಂಗಾಲು ನೆಲಕ್ಕೂರದೆ ಹಿಂದೆ ಮುಂದೆ ತೂಗಾಡುತ್ತಿತ್ತು.

“ಯೋಚ್ನೆ ಮಾಡ್ತಾ ಅದೆ ಸಾ,” ಎಂದರು ಚಾಲಕರು ತಗ್ಗಿದ ದನಿಯಲ್ಲಿ. “ಮಾಡ್ಲಿ. ನಾವು ಹಿಂದಕ್ಕೋಗವ.”

ಜೀಪು ತಿರುವಿನವರೆಗೆ ಹಿಂದೆ ಸರಿಯಿತು. ಕಾಲು ನೆಲಕ್ಕಿಳಿಯಿತು, ಕಿವಿ ಮತ್ತೆ ಬೀಸತೊಡಗಿದವು. ಆಮೇಲೆ ಇಡೀ ಹಿಂಡು ದಾಟಿತು. ನಡುವೆ ಒಂದು ಪುಟ್ಟ ಮರಿ ತಾಯಿಯ ಹೊಟ್ಟೆಯಡಿಯಲ್ಲೇ ನಡೆಯುತ್ತಿತ್ತು. ಹಾಗೆ ನುಸುಳುವಷ್ಟು ಗಿಡ್ಡವಿದ್ದರೆ ಸಾಮಾನ್ಯವಾಗಿ ಅದಕ್ಕಿನ್ನೂ ವರ್ಷ ತುಂಬಿಲ್ಲವೆಂದು ಅರ್ಥ. ದಾರಿ ಮಧ್ಯದ ಮಣ್ಣನ್ನು ಸೊಂಡಿಲಿನಿಂದ ಕೆದಕುತ್ತಾ ನಿಂತ ಅದನ್ನು ಹಿಂದಿನಿಂದ ಬಂದ ಇನ್ನೊಂದು ಹೆಣ್ಣಾನೆ ಮೆಲ್ಲಗೆ ನೂಕಿಕೊಂಡು ಹೋಯಿತು. ಸುಮಾರು ಇಪ್ಪತ್ತೆರಡು ತಿಂಗಳು ಹೊತ್ತು ಹೆತ್ತ ಮರಿಯನ್ನು ಹಿಂಡಿಗೆ ಹಿಂಡೇ ಸಾಕುತ್ತದೆ. ಇನ್ನೂ ಹತ್ತಿರವೇ ಇರಬಹುದಿತ್ತಲ್ಲ ಎಂದು ಕ್ಯಾಮೆರಾ ಹಿಡಿದ ಅತಿಥಿಯೊಬ್ಬರು ಕೇಳಿದರು. ನಾವು ಅಲ್ಲೇ ಇದ್ದಿದ್ದರೆ ದೊಡ್ಡಾನೆಗಳು ಒತ್ತಾಗಿ ನಿಂತು ಮರಿಯನ್ನು ಮರೆಮಾಡುತ್ತಿದ್ದವು, ನಿಮಗೆ ಸಿಗುತ್ತಿದ್ದದ್ದು ಬರೀ ಬೆನ್ನುಗಳ ಗೋಡೆ ಎಂದು ತಿಳಿಸಿ ಹೇಳಿದೆ. ಹಿಂದೆ ಸರಿದದ್ದರಿಂದಲೇ ಅವರಿಗೆ ಆ ಚಿತ್ರ ಸಿಕ್ಕಿತು.

ಮದ ಬಂದ ಸಲಗಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕಣ್ಣಿಗೂ ಕಿವಿಗೂ ನಡುವೆ ಮದ ಸುರಿದ ಗೆರೆ, ಮೂತ್ರ ತೊಟ್ಟಿಕ್ಕಿ ಒದ್ದೆಯಾದ ಹಿಂಗಾಲು, ಗಾಳಿಯಲ್ಲಿ ಘಾಟು: ಇಷ್ಟು ಗೊತ್ತಾದರೆ ರಿವರ್ಸ್ ಗೇರ್, ಮಾತಿಲ್ಲ.

ಮೈಸೂರು–ಮಾನಂದವಾಡಿ ರಸ್ತೆ ಈ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಅಲ್ಲಿ ವಾಹನ ಓಡಾಟಕ್ಕೆ ನಿಷೇಧವಿದೆ. ಹಗಲಲ್ಲಿ ಕಾರು ನಿಲ್ಲಿಸಿ ಆನೆಯೆದುರು ಸೆಲ್ಫಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾಳೆ ಆ ಆನೆಯ ಎದುರಿಗೆ ಸಿಗುವವನು ಬೈಕಿನಲ್ಲಿ ಕೂಲಿಗೆ ಹೊರಟ ಬಡವ.

ಎಷ್ಟು ದೂರ ನಿಲ್ಲಬೇಕೆಂದು ನಾವಾದರೂ ಆರಿಸಿಕೊಳ್ಳಬಹುದು, ಕಾಡಂಚಿನ ರೈತರಿಗೆ ಆ ಅವಕಾಶವಿಲ್ಲ. 2025ರ ನವೆಂಬರ್‌ನಲ್ಲಿ, ಹುಲಿ ದಾಳಿಗೆ ಜನ ಬಲಿಯಾದ ಬಳಿಕ, ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿಯನ್ನೇ ನಿಲ್ಲಿಸಿತು. ನಮ್ಮ ಅಡುಗೆಮನೆಯ ಅಕ್ಕಂದಿರು ಇದೇ ಕಾಡಂಚಿನ ಹಳ್ಳಿಗಳವರೇ. ಹತ್ತಿ ಬಿಡಿಸಲು ಬಗ್ಗಿ ನಿಂತವರಿಗೆ ಪಕ್ಕದ ಸಾಲಿನಲ್ಲಿ ಏನಿದೆಯೆಂದು ಕಾಣುವುದಿಲ್ಲ. ಆನೆ ತಡೆಯಲು ಹಾಕಿರುವ ರೈಲು ಕಂಬಿಯ ಬೇಲಿ ಹುಲಿಯನ್ನು ತಡೆಯದು. ಸಂಜೆಯ ಪಾಳಿ ಮುಗಿಸಿದ ಅಕ್ಕಂದಿರನ್ನು ಈಗ ಜೀಪಿನಲ್ಲೇ ಮನೆಗೆ ಬಿಟ್ಟುಬರುತ್ತೇವೆ. ಅಷ್ಟು ಸಾಲದು. ಹುಲಿ ಕಂಡ ಸುದ್ದಿ ಗಂಟೆಯೊಳಗೆ ಹೊಲಹೊಲಕ್ಕೂ ಮುಟ್ಟುವ ವ್ಯವಸ್ಥೆ ಬೇಕು, ಅದರ ಖರ್ಚಿಗೆ ನಮ್ಮಂಥ ಶಿಬಿರಗಳ ಗಳಿಕೆಯಲ್ಲಿ ಪಾಲು ಕೊಡಬೇಕು ಎಂದು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.