ಪರಮಾಣು ಸ್ಥಾವರಗಳ ತುರ್ತು ವಿದ್ಯುತ್ ವ್ಯವಸ್ಥೆ: ದೋಷಯುಕ್ತ ಬಿಡಿಭಾಗಗಳ ವರದಿ ಹಾಗೂ ಪೂರೈಕೆದಾರರ ಹೊಣೆ

ಪೀಠಿಕೆ

ಪರಮಾಣು ಸ್ಥಾವರವು ವಿದ್ಯುತ್ತನ್ನು ಉತ್ಪಾದಿಸುವ ಕೇಂದ್ರ. ಆದರೆ ಅದರ ಸುರಕ್ಷತೆಯೂ ವಿದ್ಯುತ್ತನ್ನೇ ಅವಲಂಬಿಸಿದೆ. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಇಂಧನದಲ್ಲಿ ಶಾಖವು ಉತ್ಪತ್ತಿಯಾಗುತ್ತಲೇ ಇರುತ್ತದೆ. ಆ ಶಾಖವನ್ನು ಹೊರತೆಗೆಯಲು ಪಂಪುಗಳು ನಡೆಯಬೇಕು; ಪಂಪುಗಳು ನಡೆಯಲು ವಿದ್ಯುತ್ ಬೇಕು. ಹೊರಗಿನ ಜಾಲದ ವಿದ್ಯುತ್ ಕಡಿತಗೊಂಡಾಗ ಈ ಹೊಣೆಯನ್ನು ಹೊರುವುದು ತುರ್ತು ಡೀಸೆಲ್ ಜನರೇಟರುಗಳು, ಬ್ಯಾಟರಿಗಳು ಮತ್ತು ಇನ್‌ವರ್ಟರುಗಳು. ಅನೇಕ ಸ್ಥಾವರಗಳಲ್ಲಿ ಡೀಸೆಲ್ ಜನರೇಟರು ಆದೇಶ ಬಂದ ಸುಮಾರು 10 ಸೆಕೆಂಡುಗಳೊಳಗೆ ನಿಗದಿತ ವೋಲ್ಟೇಜನ್ನು ತಲುಪಬೇಕು.

ಹಲವು ಟನ್ ತೂಗುವ ಆ ಎಂಜಿನ್ನನ್ನು ಆಳುವುದು ಅಂಗೈಯಗಲದ ಎಲೆಕ್ಟ್ರಾನಿಕ್ ಕಾರ್ಡು. ವೋಲ್ಟೇಜ್ ರೆಗ್ಯುಲೇಟರ್, ಗವರ್ನರ್, ರಿಲೇ, ಡಯೋಡ್, ಕೆಪಾಸಿಟರ್ ಇವುಗಳಲ್ಲಿ ಒಂದು ಕೈಕೊಟ್ಟರೂ ಎಂಜಿನ್ ತಿರುಗಿಯೂ ವಿದ್ಯುತ್ ಹರಿಯದಿರಬಹುದು. ಇಂತಹ ಸಣ್ಣ ಭಾಗಗಳನ್ನು ತಯಾರಿಸುವ ಸಣ್ಣ ಹಾಗೂ ಮಧ್ಯಮ ಘಟಕಗಳು ನಮ್ಮ ರಾಜ್ಯದಲ್ಲಿಯೂ ಇವೆ. ತಮ್ಮ ಸರಕಿನಲ್ಲಿ ದೋಷವಿದೆಯೆಂದು ತಿಳಿದ ದಿನ ಅವುಗಳ ಕರ್ತವ್ಯವೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಘಟನೆಗಳು ಕಲಿಸಿದ ಪಾಠ

1990ರ ಮಾರ್ಚ್ 20ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ವೋಗಲ್ ಸ್ಥಾವರದಲ್ಲಿ ಲಾರಿಯೊಂದು ಹಿಂದಕ್ಕೆ ಚಲಿಸುವಾಗ ಸ್ವಿಚ್‌ಯಾರ್ಡಿನ ಆಧಾರಕಂಬಕ್ಕೆ ತಗುಲಿತು. ಹೊರಗಿನ ವಿದ್ಯುತ್ ಹೋಯಿತು. ಒಂದು ಡೀಸೆಲ್ ಜನರೇಟರು ದುರಸ್ತಿಯಲ್ಲಿತ್ತು. ಇನ್ನೊಂದು ಆರಂಭಗೊಂಡು ನಿಂತುಹೋಯಿತು. ಒಂದನೆಯ ಘಟಕವು 36 ನಿಮಿಷಗಳ ಕಾಲ ಸುರಕ್ಷತಾ ಉಪಕರಣಗಳ ವಿದ್ಯುತ್ ಇಲ್ಲದೆ ಇರಬೇಕಾಯಿತು. ತನಿಖೆಯಲ್ಲಿ ಸಂಶಯವು ನೆಟ್ಟದ್ದು ಎಂಜಿನ್ನಿನ ತಂಪುನೀರಿನ ಉಷ್ಣತೆಯನ್ನು ಅಳೆಯುವ ಸಣ್ಣ ಸಂವೇದಕಗಳ ಮೇಲೆ. ಆ ನಂತರ ಸ್ಥಾವರವು ಜನರೇಟರುಗಳ ಯಶಸ್ವಿ ಆರಂಭಗಳ ಸಂಖ್ಯೆಯನ್ನು ಸರಕಾರಕ್ಕೆ ತಿಳಿಸಿತು. ಆ ಲೆಕ್ಕವೇ ಸರಿಯಿಲ್ಲವೆಂಬ ವಿವಾದವು ಹಲವು ವರ್ಷ ನಡೆಯಿತು. ಯಂತ್ರದ ದೋಷ ಕೆಲವೇ ದಿನಗಳ ಮಾತು. ವರದಿಯ ದೋಷ ವರ್ಷಗಳವರೆಗೆ ಬೆನ್ನು ಬಿಡಲಿಲ್ಲ.

ನಮ್ಮ ದೇಶದ ನರೋರಾ ಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹೊತ್ತಿತು. ಕೇಬಲುಗಳು ಸುಟ್ಟು, ಸುಮಾರು 17 ಗಂಟೆಗಳ ಕಾಲ ಸ್ಥಾವರಕ್ಕೆ ವಿದ್ಯುತ್ತೇ ಇರಲಿಲ್ಲ. ಡೀಸೆಲಿನಿಂದ ನಡೆಯುವ ಅಗ್ನಿಶಾಮಕ ಪಂಪುಗಳ ನೀರೇ ಅಂದು ಆಸರೆಯಾಯಿತು.

2006ರ ಜುಲೈ 25ರಂದು ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಹೊರಗಿನ ವಿದ್ಯುತ್ ಮಾರ್ಗದ ದೋಷದಿಂದ ವೋಲ್ಟೇಜು ಏರಿ, ನಾಲ್ಕು ಯುಪಿಎಸ್ ವ್ಯವಸ್ಥೆಗಳ ಪೈಕಿ ಎರಡು ಸ್ಥಗಿತಗೊಂಡವು. ಅದರ ಫಲವಾಗಿ ನಾಲ್ಕು ಡೀಸೆಲ್ ಜನರೇಟರುಗಳಲ್ಲಿ ಎರಡು ತಾವಾಗಿಯೇ ಜಾಲಕ್ಕೆ ಜೋಡಣೆಯಾಗಲಿಲ್ಲ. ಉಳಿದ ಎರಡು ಯುಪಿಎಸ್‌ಗಳೂ ಅದೇ ಮಾದರಿಯವು ಎಂಬುದೇ ಎಲ್ಲರನ್ನೂ ಚಿಂತೆಗೀಡುಮಾಡಿತು. ಒಂದೇ ಮಾದರಿಯ, ಒಂದೇ ತಂಡದ ಭಾಗಗಳನ್ನು ಎಲ್ಲ ಕಡೆ ಬಳಸಿದಾಗ ಒಂದು ದೋಷವು ನಾಲ್ಕು ಕಾವಲುಗಳನ್ನೂ ಒಮ್ಮೆಗೇ ಕೆಡವಬಲ್ಲುದು. ಆದುದರಿಂದಲೇ ಪೂರೈಕೆದಾರನ ಬಳಿ ಇರುವ "ಯಾವ ತಂಡ, ಯಾರಿಗೆ, ಎಂದು" ಎಂಬ ಪಟ್ಟಿಗೆ ಅಷ್ಟು ಬೆಲೆ.

ನಾಲ್ಕನೆಯದು ಮುಚ್ಚಿಟ್ಟ ಘಟನೆ. 2012ರ ಫೆಬ್ರವರಿ 9ರಂದು ದಕ್ಷಿಣ ಕೊರಿಯಾದ ಕೋರಿ ಸ್ಥಾವರದ ಒಂದನೆಯ ಘಟಕದಲ್ಲಿ 12 ನಿಮಿಷ ಸಂಪೂರ್ಣ ವಿದ್ಯುತ್ ಇಲ್ಲವಾಯಿತು. ತುರ್ತು ಜನರೇಟರು ಆರಂಭವಾಗಲಿಲ್ಲ. ಅಪಘಾತವಾಗಲಿಲ್ಲ. ಆದರೆ ಅಧಿಕಾರಿಗಳು ವಿಷಯವನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿಟ್ಟರು. ಹೋಟೆಲೊಂದರಲ್ಲಿ ನಡೆದ ಮಾತುಕತೆಯು ನಗರಸಭೆಯ ಸದಸ್ಯರೊಬ್ಬರ ಕಿವಿಗೆ ಬಿದ್ದು ಗುಟ್ಟು ರಟ್ಟಾಯಿತು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡರೆ ಆಗುವುದು ಇದೇ.

ಅಮೆರಿಕದ ನಿಯಮ: ಭಾಗ 21

ದೋಷದ ವರದಿಯ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ನಿಯಮ ಅಮೆರಿಕದ್ದು. 1974ರ ಇಂಧನ ಪುನರ್‌ಸಂಘಟನಾ ಕಾಯಿದೆಯ 206ನೇ ಕಲಮಿನ ಅನ್ವಯ ಅಲ್ಲಿನ ಪರಮಾಣು ನಿಯಂತ್ರಣ ಆಯೋಗವು 1977ರಲ್ಲಿ "ಭಾಗ 21" ಎಂಬ ನಿಯಮಾವಳಿಯನ್ನು ಹೊರಡಿಸಿತು. ಇದರ ಮುಖ್ಯಾಂಶಗಳು ಹೀಗಿವೆ.

(1) ಹೊಣೆಯು ಸ್ಥಾವರದ ಮಾಲೀಕನಿಗೆ ಸೀಮಿತವಲ್ಲ. ಸುರಕ್ಷತೆಗೆ ಸಂಬಂಧಿಸಿದ "ಮೂಲ ಘಟಕ"ಗಳನ್ನು ಪೂರೈಸುವ ಸಂಸ್ಥೆಯ ನಿರ್ದೇಶಕ ಅಥವಾ ಹೊಣೆಗಾರ ಅಧಿಕಾರಿಯೂ ವರದಿ ಮಾಡಲು ಬದ್ಧನು. ತಿಳಿದೂ ತಿಳಿಸದಿದ್ದರೆ ಆ ವ್ಯಕ್ತಿಯ ಮೇಲೆಯೇ ದಂಡ ವಿಧಿಸಬಹುದು.

(2) ವ್ಯತ್ಯಾಸವು ಕಂಡುಬಂದ 60 ದಿನಗಳೊಳಗೆ ಅದರ ಮೌಲ್ಯಮಾಪನ ಮುಗಿಯಬೇಕು. ಮುಗಿಯದಿದ್ದರೆ ಅದೇ ಅವಧಿಯಲ್ಲಿ ಮಧ್ಯಂತರ ವರದಿ ಸಲ್ಲಬೇಕು. "ಕಂಡುಬಂದ ದಿನ" ಎಂದರೆ ವ್ಯತ್ಯಾಸವನ್ನು ಗುರುತಿಸುವ ಮೊದಲ ದಾಖಲೆ ಪೂರ್ಣಗೊಂಡ ದಿನ.

(3) ಸುರಕ್ಷತೆಗೆ ಗಣನೀಯ ಅಪಾಯ ಉಂಟಾಗಬಹುದೆಂದು ಮೌಲ್ಯಮಾಪನದಲ್ಲಿ ತಿಳಿದರೆ 5 ಕೆಲಸದ ದಿನಗಳೊಳಗೆ ಹೊಣೆಗಾರ ಅಧಿಕಾರಿಗೆ ತಿಳಿಸಬೇಕು. ಅವರು 2 ದಿನಗಳೊಳಗೆ ಆಯೋಗಕ್ಕೆ ಪ್ರಾಥಮಿಕ ಸೂಚನೆಯನ್ನೂ 30 ದಿನಗಳೊಳಗೆ ಲಿಖಿತ ವರದಿಯನ್ನೂ ನೀಡಬೇಕು.

(4) ದೋಷದ ಪರಿಣಾಮವನ್ನು ಅಳೆಯುವ ಸಾಮರ್ಥ್ಯ ಪೂರೈಕೆದಾರನಿಗೆ ಇಲ್ಲದಿದ್ದರೆ, ಹಾಗೆಂದು ನಿರ್ಧರಿಸಿದ 5 ಕೆಲಸದ ದಿನಗಳೊಳಗೆ ಖರೀದಿದಾರರಿಗೆ ತಿಳಿಸಬೇಕು. ಸಣ್ಣ ಘಟಕಗಳಿಗೆ ಇದೇ ಅತ್ಯಂತ ಉಪಯುಕ್ತವಾದ ಅಂಶ. ಕಾರ್ಡು ತಯಾರಿಸುವವನಿಗೆ ಅದು ರಿಯಾಕ್ಟರಿನ ಯಾವ ಮೂಲೆಯಲ್ಲಿ ಕೂತಿದೆಯೆಂದು ತಿಳಿಯದು. ತಿಳಿಯದೆ ಇರುವುದು ತಪ್ಪಲ್ಲ. ತಿಳಿಯದೆಂದು ಹೇಳದೆ ಇರುವುದು ತಪ್ಪು.

(5) ಮೌಲ್ಯಮಾಪನದ ದಾಖಲೆಗಳನ್ನು 5 ವರ್ಷ, ಯಾರಿಗೆ ಪೂರೈಸಲಾಯಿತೆಂಬ ದಾಖಲೆಯನ್ನು ಪೂರೈಕೆಯ ನಂತರ 10 ವರ್ಷ ಕಾಪಾಡಬೇಕು.

(6) ಸಾಮಾನ್ಯ ಮಾರುಕಟ್ಟೆಯ ಸರಕನ್ನು ಪರೀಕ್ಷೆ, ಕಾರ್ಖಾನೆಯ ಸಮೀಕ್ಷೆ, ತಯಾರಿಕೆಯ ಸ್ಥಳದಲ್ಲಿ ಪರಿಶೀಲನೆ ಅಥವಾ ಹಿಂದಿನ ಸಾಧನೆಯ ಆಧಾರದ ಮೇಲೆ ಸುರಕ್ಷತಾ ಬಳಕೆಗೆ ಅಂಗೀಕರಿಸಲು ಅವಕಾಶವುಂಟು. ಹಾಗೆ ಅಂಗೀಕರಿಸಿದ ಸಂಸ್ಥೆಯು ಆಮೇಲಿನ ವರದಿಯ ಹೊಣೆಯನ್ನು ಹೊರುತ್ತದೆ.

ನಮ್ಮ ರಫ್ತುದಾರರಿಗೆ ಈ ನಿಯಮವು ಸಾಮಾನ್ಯವಾಗಿ ತಲುಪುವುದು ಖರೀದಿ ಆದೇಶದ ಷರತ್ತಿನ ಮೂಲಕ. ಆದೇಶದಲ್ಲಿ "ಭಾಗ 21 ಅನ್ವಯಿಸುತ್ತದೆ" ಎಂಬ ಒಂದೇ ಸಾಲು ಇದ್ದರೂ ಮೇಲಿನ ಅವಧಿಗಳೆಲ್ಲ ಅದರೊಳಗೆ ಅಡಗಿವೆ. ಬೆಲೆಯ ಕಾಲಮನ್ನು ಓದುವ ಶ್ರದ್ಧೆಯಿಂದಲೇ ಈ ಸಾಲನ್ನೂ ಓದಬೇಕು.

ಒಂದು ಕಾಲ್ಪನಿಕ ಉದಾಹರಣೆ

'ಎ' ಎಂಬ ಕಂಪನಿಯು ಮೂವರು ಖರೀದಿದಾರರಿಗೆ 240 ವೋಲ್ಟೇಜ್ ರೆಗ್ಯುಲೇಟರ್ ಕಾರ್ಡುಗಳನ್ನು ಮಾರ್ಚಿಗೆ ಮೊದಲೇ ಪೂರೈಸಿದೆ. ಹಿಂದಿರುಗಿ ಬಂದ ಕಾರ್ಡೊಂದರಲ್ಲಿ ಕೆಪಾಸಿಟರಿನ ದೋಷವಿದೆಯೆಂದು ಏಪ್ರಿಲ್ 1ರಂದು ಪರೀಕ್ಷಾ ವಿಭಾಗವು ದಾಖಲಿಸುತ್ತದೆ. ಮೌಲ್ಯಮಾಪನಕ್ಕೆ ಮೇ 31ರವರೆಗೆ ಅವಧಿ. ಮೇ 20ಕ್ಕೆ ಅದು ಮುಗಿದು, ಗಣನೀಯ ಅಪಾಯವಿದೆಯೆಂದು ತಿಳಿಯುತ್ತದೆ. ಹೊಣೆಗಾರ ನಿರ್ದೇಶಕರಿಗೆ ಮೇ 24ರಂದು ವಿಷಯ ತಿಳಿಸಿದರೆ, ಮೇ 26ರೊಳಗೆ ಪ್ರಾಥಮಿಕ ಸೂಚನೆ, ಜೂನ್ 23ರೊಳಗೆ ಲಿಖಿತ ವರದಿ ಸಲ್ಲಬೇಕು. ಅದರಲ್ಲಿ ದೋಷದ ಸ್ವರೂಪ, ಮಾಹಿತಿ ದೊರೆತ ದಿನಾಂಕ, ಅಂತಹ ಕಾರ್ಡುಗಳ ಸಂಖ್ಯೆ ಮತ್ತು ಅವು ಇರುವ ಸ್ಥಳ, ಕೈಗೊಂಡ ಕ್ರಮ, ಖರೀದಿದಾರರಿಗೆ ನೀಡಿದ ಸಲಹೆ ಇವೆಲ್ಲ ಇರಬೇಕು.

ಲೆಕ್ಕ ಪರಿಶೋಧಕರಿಗೆ ಈ ಕ್ರಮ ಅಪರಿಚಿತವಲ್ಲ. 2013ರ ಕಂಪನಿ ಕಾಯಿದೆಯ 143(12)ನೇ ಕಲಮು ಮತ್ತು ಅದರ ನಿಯಮಗಳಂತೆ, 1 ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ವಂಚನೆ ಕಂಡುಬಂದರೆ ಪರಿಶೋಧಕನು 2 ದಿನಗಳೊಳಗೆ ಮಂಡಳಿಗೆ ತಿಳಿಸಬೇಕು. 45 ದಿನಗಳೊಳಗೆ ಉತ್ತರ ಕೇಳಬೇಕು. ಆನಂತರ 15 ದಿನಗಳೊಳಗೆ ಕೇಂದ್ರ ಸರಕಾರಕ್ಕೆ ವರದಿ ಕಳುಹಿಸಬೇಕು. ಎರಡರ ತತ್ವವೂ ಒಂದೇ: ತಿಳಿದವನ ಗಡಿಯಾರ ತಿಳಿದ ದಿನವೇ ಓಡತೊಡಗುತ್ತದೆ.

ಲೆಕ್ಕ ಪುಸ್ತಕಗಳಲ್ಲಿ ದೋಷದ ಸ್ಥಾನ

ಲೇಖಕನ ಕಕ್ಷಿದಾರರೊಬ್ಬರು ಇಂತಹ ಸಂದರ್ಭವೊಂದರಲ್ಲಿ ಕೇಳಿದ ಪ್ರಶ್ನೆ ಇದು: "ಹೇಳಿದರೆ ಆರ್ಡರು ಹೋಗುತ್ತದೆ, ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ, ಸ್ವಾಮಿ?" ಮೊದಲು ಗೊತ್ತಾಗಬೇಕಾದದ್ದು ಅವರದೇ ಅಢಾವೆ ಪತ್ರಿಕೆಗೆ ಎಂಬುದು ನಮ್ಮ ಉತ್ತರ.

ಲೆಕ್ಕಪತ್ರ ಮಾನಕ 29ರಂತೆ ಮೂರು ಷರತ್ತುಗಳು ಕೂಡಿದಾಗ ಪ್ರಾವಿಜನ್ ಮಾಡಲೇಬೇಕು: ಹಿಂದಿನ ಘಟನೆಯಿಂದ ಹುಟ್ಟಿದ ಹೊಣೆ, ಹಣ ಹೊರಹೋಗುವ ಸಂಭವ, ವಿಶ್ವಾಸಾರ್ಹ ಅಂದಾಜು. 'ಎ' ಕಂಪನಿಯ ಕರಾರಿನಲ್ಲಿ ಬದಲಿ ಕಾರ್ಡು ಕೊಡುವ ಹೊಣೆಯಿದೆಯೆಂದೂ ತಲಾ ಕಾರ್ಡಿಗೆ 18,000 ರೂಪಾಯಿ ವೆಚ್ಚವೆಂದೂ ಇಟ್ಟುಕೊಂಡರೆ 240 ಕಾರ್ಡುಗಳಿಗೆ 43,20,000 ರೂಪಾಯಿ; ಪರೀಕ್ಷೆ ಮತ್ತು ಸಾಗಣೆಗೆ 6,00,000 ರೂಪಾಯಿ; ಒಟ್ಟು 49,20,000 ರೂಪಾಯಿ. ಖರೀದಿದಾರನ ದಾವೆಯು ಕೈಗೆ ಬರುವವರೆಗೆ ಕಾಯುವಂತಿಲ್ಲ. ದೋಷ ತಿಳಿದದ್ದು ಏಪ್ರಿಲ್‌ನಲ್ಲಾದರೂ ಮಾರಾಟ ಮಾರ್ಚ್ 31ಕ್ಕೆ ಮೊದಲೇ ಆಗಿದೆ. ಲೆಕ್ಕಗಳು ಇನ್ನೂ ಅಂಗೀಕೃತವಾಗಿಲ್ಲದಿದ್ದರೆ ಮಾನಕ 4ರಂತೆ ಹಿಂದಿನ ವರ್ಷದ ಲೆಕ್ಕದಲ್ಲಿಯೇ ಇದಕ್ಕೆ ಹೊಂದಾಣಿಕೆ ಆಗಬೇಕು. ಕೆಪಾಸಿಟರ್ ಮಾರಿದವನಿಂದ ಅಥವಾ ವಿಮೆಯಿಂದ ಬರಬೇಕಾದ ಹಣವನ್ನು, ಅದು ಬರುವುದು ಬಹುತೇಕ ಖಚಿತವಾದಾಗ ಮಾತ್ರ ತೋರಿಸಬಹುದು.

ಇಲ್ಲಿಯೇ ಮೌನದ ನಿಜವಾದ ಬೆಲೆ ಕಾಣುತ್ತದೆ. ದೋಷವನ್ನು ಮರೆಮಾಚುವವನು ಪ್ರಾವಿಜನನ್ನೂ ಮರೆಮಾಚಬೇಕಾಗುತ್ತದೆ. ಪ್ರಾವಿಜನ್ ಇಲ್ಲದ ಲಾಭ ಸುಳ್ಳು ಲಾಭ. ಅದರ ಮೇಲೆ ಬ್ಯಾಂಕಿನ ಸಾಲ, ಷೇರುದಾರರ ಲಾಭಾಂಶ ನಿಂತಿವೆ. ಒಂದು ಕಾರ್ಡಿನ ಮುಚ್ಚುಮರೆ ಇಡೀ ಲೆಕ್ಕದ ಸುಳ್ಳಾಗಿ ಬೆಳೆಯುತ್ತದೆ. 2020ರ ಪರಿಶೋಧಕರ ವರದಿ ಆದೇಶದ ಪ್ರಕಾರ, ಅದು ಅನ್ವಯಿಸುವ ಕಂಪನಿಗಳಲ್ಲಿ ವರ್ಷದಲ್ಲಿ ಬಂದ ಒಳಗಿನವರ ದೂರುಗಳನ್ನು ಪರಿಶೋಧಕರು ಪರಿಗಣಿಸಿದ್ದಾರೆಯೇ ಎಂಬುದನ್ನೂ ವರದಿಯಲ್ಲಿ ಹೇಳಬೇಕು.

ವಾರಂಟಿ ಪ್ರಾವಿಜನಿನ ಬಗ್ಗೆ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ನೀಡಿದ ತೀರ್ಪು ಉದ್ಯಮಿಗಳಿಗೆ ಉಪಯುಕ್ತ. ಹಿಂದಿನ ಅನುಭವದ ಅಂಕಿಅಂಶಗಳ ಆಧಾರದ ಮೇಲೆ ಮಾಡಿದ ಪ್ರಾವಿಜನ್ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಅರ್ಹ ಎಂಬುದು ಅದರ ಸಾರ. ಅಂದರೆ ಹಿಂದಿರುಗಿದ ಸರಕಿನ ದಾಖಲೆಯನ್ನು ಕ್ರಮವಾಗಿ ಇಟ್ಟವನಿಗೆ ತೆರಿಗೆಯಲ್ಲಿಯೂ ಅನುಕೂಲ.

ಪ್ರಮಾಣಪತ್ರವೂ ಬಿಡಿಭಾಗವೇ

2012ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾವು ಯೋಂಗ್‌ಗ್ವಾಂಗ್ ಸ್ಥಾವರದ ಎರಡು ರಿಯಾಕ್ಟರುಗಳನ್ನು ನಿಲ್ಲಿಸಿತು. ಎಂಟು ಪೂರೈಕೆದಾರರು ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ 60 ಗುಣಮಟ್ಟ ಪ್ರಮಾಣಪತ್ರಗಳನ್ನು ನಕಲಿಯಾಗಿ ಸೃಷ್ಟಿಸಿ 7,600ಕ್ಕೂ ಹೆಚ್ಚು ಭಾಗಗಳನ್ನು ಮಾರಿದ್ದರು. ಫ್ಯೂಸ್, ಸ್ವಿಚ್, ತಂಪುಗೊಳಿಸುವ ಫ್ಯಾನುಗಳಂತಹ ಸಾಮಾನ್ಯ ವಸ್ತುಗಳೇ ಅವು. ಮರುವರ್ಷ ಕೇಬಲುಗಳ ಪರೀಕ್ಷಾ ವರದಿಗಳೂ ಸುಳ್ಳೆಂದು ತಿಳಿದು ಇನ್ನಷ್ಟು ರಿಯಾಕ್ಟರುಗಳು ನಿಂತವು. ಅಮೆರಿಕದಲ್ಲಿಯೂ ಹಳೆಯ ಸರ್ಕ್ಯೂಟ್ ಬ್ರೇಕರುಗಳನ್ನು ಸರಿಪಡಿಸಿ ಹೊಸದೆಂದು ಮಾರುತ್ತಿದ್ದ ಪ್ರಕರಣಗಳಿಂದಾಗಿ 1988ರಲ್ಲಿ ಆಯೋಗವು ಎಲ್ಲ ಸ್ಥಾವರಗಳಿಗೆ ಸೂಚನೆ ಹೊರಡಿಸಬೇಕಾಯಿತು. ಭಾಗವು ಕೆಲಸ ಮಾಡುತ್ತಿರಬಹುದು. ಆದರೆ ಅದರ ಕಾಗದ ಸುಳ್ಳಾದರೆ ಅದನ್ನು ನಂಬಲು ಆಧಾರವಿಲ್ಲ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

(1) ಖರೀದಿ ಆದೇಶ ಬಂದೊಡನೆ ಸುರಕ್ಷತೆ ಹಾಗೂ ವರದಿಯ ಷರತ್ತುಗಳನ್ನು ಪ್ರತ್ಯೇಕ ಪಟ್ಟಿ ಮಾಡಿ, ಒಬ್ಬ ನಿರ್ದೇಶಕರನ್ನು ಹೊಣೆಗಾರರೆಂದು ಲಿಖಿತವಾಗಿ ನೇಮಿಸಿರಿ.

(2) ತಂಡದ ಸಂಖ್ಯೆ, ಖರೀದಿದಾರ ಮತ್ತು ಪೂರೈಕೆಯ ದಿನಾಂಕಗಳ ವಹಿಯನ್ನು 10 ವರ್ಷ ಇಡಿರಿ. ಕಂಪನಿ ಕಾಯಿದೆಯು ಲೆಕ್ಕ ಪುಸ್ತಕಗಳಿಗೆ ನಿಗದಿಪಡಿಸಿರುವುದು 8 ವರ್ಷ ಮಾತ್ರ. ಎಂಟು ವರ್ಷವಾಯಿತೆಂದು ಹಳೆಯ ಕಡತಗಳನ್ನು ರದ್ದಿಗೆ ಹಾಕುವ ಪದ್ಧತಿ ಇಲ್ಲಿ ಸಲ್ಲದು.

(3) ಬಿಡಿಭಾಗದ ತಯಾರಕ ಅಥವಾ ಮಾದರಿಯನ್ನು ಖರೀದಿದಾರನಿಗೆ ತಿಳಿಸದೆ ಬದಲಿಸಬೇಡಿರಿ. ಪ್ರಮಾಣಪತ್ರವನ್ನು ಅದನ್ನು ನೀಡಿದ ಪ್ರಯೋಗಾಲಯದೊಂದಿಗೇ ತಾಳೆ ನೋಡಿರಿ.

(4) ವಿಮಾ ಪಾಲಿಸಿಯನ್ನು ಪೂರ್ಣವಾಗಿ ಓದಿರಿ. ಉತ್ಪನ್ನ ಹೊಣೆಯ ಅನೇಕ ಪಾಲಿಸಿಗಳು ಪರಮಾಣು ಅಪಾಯವನ್ನು ಹೊರಗಿಟ್ಟಿರುತ್ತವೆ.

(5) ಕೈಗಾದಂತಹ ದೇಶದ ಸ್ಥಾವರಗಳಿಗೆ ಪೂರೈಸುವವರು ಖರೀದಿ ಆದೇಶದ ಗುಣಮಟ್ಟದ ಷರತ್ತುಗಳನ್ನೂ ಹೊಣೆಯ ಕಾನೂನನ್ನೂ ಕೂಡಿಸಿ ನೋಡಬೇಕು. ಪೂರೈಕೆದಾರರನ್ನು ಚಿಂತೆಗೆ ಈಡುಮಾಡಿದ್ದ 2010ರ ಪರಮಾಣು ಹಾನಿ ಕಾಯಿದೆಯ ಬದಲಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿದ್ದರಿಂದ ಹಳೆಯ ಕರಾರುಗಳನ್ನು ವಕೀಲರಿಂದ ಮರುಪರಿಶೀಲನೆ ಮಾಡಿಸುವುದು ಒಳಿತು.

(6) ದೋಷವನ್ನು ಗುರುತಿಸಿದ ನೌಕರನಿಗೆ ತೊಂದರೆಯಾಗದಂತೆ ನೋಡಿಕೊಳ್ಳಿರಿ. ಪರೀಕ್ಷಾ ಮೇಜಿನ ಮುಂದೆ ಕೂತ ತಂತ್ರಜ್ಞನು ಬಾಯಿಬಿಡಲು ಹೆದರಿದರೆ ಯಾವ ನಿಯಮವೂ ಫಲಿಸದು.

ಉಪಸಂಹಾರ

ಮೇಲೆ ಹೇಳಿದ ಕಕ್ಷಿದಾರರು ಕೊನೆಗೆ ಪತ್ರ ಬರೆದರು. ಆ ವರ್ಷ ಲಾಭ ಕುಗ್ಗಿತು; ಒಂದು ಆದೇಶವೂ ಕೈತಪ್ಪಿತು. ಉಳಿದ ಖರೀದಿದಾರರು ಅವರನ್ನು ಪಟ್ಟಿಯಿಂದ ತೆಗೆಯಲಿಲ್ಲ. ಎಲ್ಲರಿಗೂ ಹೀಗೆಯೇ ಆಗುವುದೆಂದು ಭರವಸೆ ನೀಡಲಾಗದು. ಕೆಲವೊಮ್ಮೆ ಸತ್ಯಕ್ಕೆ ನಷ್ಟವೇ ಪ್ರತಿಫಲ. ಆದರೆ ಆ ನಷ್ಟವನ್ನು ರೂಪಾಯಿಗಳಲ್ಲಿ ಎಣಿಸಬಹುದು, ವಿಂಗಡಿಸಬಹುದು, ಕಾಲಕ್ರಮದಲ್ಲಿ ತುಂಬಿಕೊಳ್ಳಬಹುದು. ತುರ್ತು ಜನರೇಟರು ಆರಂಭವಾಗದ ಆ 10 ಸೆಕೆಂಡುಗಳ ನಂತರದ ನಷ್ಟವನ್ನು ಬರೆಯಲು ಯಾವ ಖಾತೆಯಲ್ಲಿಯೂ ಕಾಲಮು ಇಲ್ಲ.